ಡೀಸೆಲ್‌ಗೆ 2ಟಿ ಆಯಿಲ್ ಬೆರೆಸುವ ಕುರಿತು ವಾಹನ ಮಾಲೀಕರಿಗೆ ಮಾಹಿತಿ

ನೋಂದಣಿ ನವೀಕರಣ ಹಾಗೂ ಅರ್ಹತಾ ಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಡೀಸೆಲ್ ವಾಹನಗಳ ಮಾಲೀಕರಲ್ಲಿ ಕೆಲವರು, ಹೊಗೆ ತಪಾಸಣೆಗೆ ಮುನ್ನ ಟ್ಯಾಂಕಿಗೆ 2ಟಿ ಆಯಿಲ್ ಸುರಿಯುವುದು ಒಳ್ಳೆಯದೇ ಎಂದು ವಿಚಾರಿಸುತ್ತಾರೆ. ಹಳೆಯ ಡೀಸೆಲ್ ಕಾರುಗಳ ಮಾಲೀಕರು ಮತ್ತು ಯಶವಂತಪುರ ಎಪಿಎಂಸಿ ಪ್ರಾಂಗಣಕ್ಕೆ ಸರಕು ತರುವ ವಾಹನಗಳ ಚಾಲಕರು ಗ್ಯಾರೇಜುಗಳಲ್ಲಿ ಇಂತಹ ಸಲಹೆ ಪಡೆದಿರುವುದುಂಟು. ಈ ಸಲಹೆಯಲ್ಲಿ ಎಷ್ಟು ನಿಜವಿದೆ, ಎಷ್ಟು ಇಲ್ಲ ಎಂಬುದನ್ನು ಅರ್ಜಿದಾರರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಸಲಹೆಯ ಮೂಲ

ಡೀಸೆಲ್ ಎಂಜಿನ್ನಿನ ಇಂಧನ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ. ಹಳೆಯ ಲಾರಿಗಳ ಸಾಲು ಪಂಪಿನಲ್ಲಿ ಕೆಲವು ಭಾಗಗಳಿಗೆ ಎಂಜಿನ್ ಆಯಿಲ್ ದೊರೆಯುತ್ತದೆ. ಆದರೆ ಕಾರು, ಜೀಪುಗಳಲ್ಲಿ ಬಂದ ರೋಟರಿ ಪಂಪಿನಲ್ಲೂ ನಂತರ ಬಂದ ಕಾಮನ್ ರೈಲ್ ಪಂಪಿನಲ್ಲೂ ಉಜ್ಜುವ ಲೋಹದ ಭಾಗಗಳನ್ನು ಸವೆತದಿಂದ ಕಾಪಾಡುವುದು ಹಾದುಹೋಗುವ ಡೀಸೆಲ್ ಮಾತ್ರ.

ಮಾಲಿನ್ಯ ನಿಯಂತ್ರಣಕ್ಕಾಗಿ ಡೀಸೆಲ್ಲಿನ ಗಂಧಕವನ್ನು ಹಂತ ಹಂತವಾಗಿ ಇಳಿಸಲಾಗಿದೆ. ಬೆಂಗಳೂರಿನಲ್ಲಿ 2003ರ ಏಪ್ರಿಲ್‌ನಿಂದ ಭಾರತ್ ಹಂತ-2 ಜಾರಿಗೆ ಬಂದಾಗ ಗಂಧಕದ ಮಿತಿ 500 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 500 ಭಾಗ ಇತ್ತು. ಇದು 2005ರಲ್ಲಿ 350ಕ್ಕೆ, 2010ರಲ್ಲಿ 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಹಂತ-6ರ ಡೀಸೆಲ್ ಮಾರಾಟವಾಗುತ್ತಿದ್ದು, ಅದರ ಮಿತಿ 10 ಪಿಪಿಎಂ. ಗಂಧಕ ಸ್ವತಃ ಕೀಲೆಣ್ಣೆಯಲ್ಲ. ಆದರೆ ಅದನ್ನು ತೆಗೆಯಲು ಶುದ್ಧೀಕರಣ ಘಟಕದಲ್ಲಿ ಜಲಜನಕದೊಂದಿಗೆ ನಡೆಸುವ ಸಂಸ್ಕರಣೆಯಲ್ಲಿ, ಲೋಹಕ್ಕೆ ಅಂಟಿ ರಕ್ಷಣೆ ಕೊಡುವ ಇತರ ಸಂಯುಕ್ತಗಳೂ ಹೊರಟುಹೋಗುತ್ತವೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ ದೇಶವು ಅತಿ ಕಡಿಮೆ ಗಂಧಕದ ಡೀಸೆಲ್ಲನ್ನು ಮಾರುಕಟ್ಟೆಗೆ ತಂದಾಗ ಅಲ್ಲಿ ಪಂಪುಗಳು ಅಕಾಲಿಕವಾಗಿ ಸವೆದವು. ಆದ್ದರಿಂದ ಗ್ಯಾರೇಜಿನವರ ಆತಂಕ ಆಧಾರರಹಿತವಲ್ಲ.

ಆ ಅನುಭವದ ಫಲವಾಗಿಯೇ ಡೀಸೆಲ್ಲಿನ ಕೀಲೆಣ್ಣೆ ಗುಣಕ್ಕೆ ಒಂದು ಅಳತೆ ಬಂದಿತು. ಪ್ರಯೋಗಾಲಯದಲ್ಲಿ ಉಕ್ಕಿನ ಗುಂಡನ್ನು ಡೀಸೆಲ್ಲಿನಲ್ಲಿ ಮುಳುಗಿಸಿದ ಉಕ್ಕಿನ ಬಿಲ್ಲೆಯ ಮೇಲೆ ಉಜ್ಜಿ, ಗುಂಡಿನ ಮೇಲೆ ಬೀಳುವ ಸವೆತದ ಗುರುತನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತಾರೆ. ಗುರುತು ದೊಡ್ಡದಾದಷ್ಟೂ ಡೀಸೆಲ್ ಒಣಕಲು. ಭಾರತೀಯ ಮಾನಕ ಐಎಸ್ 1460ರ ಪ್ರಕಾರ ಈ ಗುರುತು 460 ಮೈಕ್ರಾನ್ ಮೀರತಕ್ಕದ್ದಲ್ಲ. ಸಂಸ್ಕರಣೆಯಲ್ಲಿ ಕಳೆದುಹೋದ ಗುಣವನ್ನು ತೈಲ ಕಂಪನಿಗಳು ಅತ್ಯಲ್ಪ ಪ್ರಮಾಣದ ಸೇರ್ಪಡೆಯಿಂದ ಮರಳಿ ಕೊಟ್ಟ ನಂತರವೇ ಡೀಸೆಲ್ ಬಂಕಿಗೆ ಬರುತ್ತದೆ. ಹೀಗಾಗಿ ಯಲಹಂಕದ ಬಂಕಿನಲ್ಲಿ ತುಂಬಿಸಿಕೊಂಡ ಮಾನಕಬದ್ಧ ಡೀಸೆಲ್ ಗಂಧಕದಲ್ಲಿ ಬಡವಾದರೂ ಕೀಲೆಣ್ಣೆ ಗುಣದಲ್ಲಿ ಬಡವಲ್ಲ.

2ಟಿ ಆಯಿಲ್ ಏನು ಮಾಡುತ್ತದೆ?

2007ರಲ್ಲಿ ಅಮೆರಿಕದಲ್ಲಿ ಡೀಸೆಲ್ ವಾಹನಗಳ ಮಾಲೀಕರಿಗಾಗಿ ಹಲವು ಸೇರ್ಪಡೆಗಳನ್ನು ಇದೇ ವಿಧಾನದಲ್ಲಿ ಪರೀಕ್ಷಿಸಲಾಯಿತು. ಯಾವ ಸೇರ್ಪಡೆಯೂ ಇಲ್ಲದ ಒಣ ಡೀಸೆಲ್ಲಿನಲ್ಲಿ ಸವೆತದ ಗುರುತು 636 ಮೈಕ್ರಾನ್ ಬಂದಿತ್ತು. 200 ಭಾಗಕ್ಕೆ 1 ಭಾಗದಂತೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿದಾಗ ಅದು 474ಕ್ಕೆ ಇಳಿಯಿತು. ಇದು ಗಣನೀಯ ಇಳಿಕೆಯೇ. ಆದರೆ ಓದುಗರು ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಇಳಿದ ನಂತರವೂ ಅದು ನಮ್ಮ ಮಾನಕದ 460ನ್ನು ಮುಟ್ಟಲಿಲ್ಲ. ನಮ್ಮಲ್ಲಿ ಬಂಕಿನಿಂದ ಬರುವ ಡೀಸೆಲ್ ಅದಕ್ಕೂ ಮೇಲಿನ ಮಟ್ಟದಿಂದಲೇ ಆರಂಭವಾಗುತ್ತದೆ. ಎರಡನೆಯದಾಗಿ, ಅಲ್ಲಿ ಬಳಸಿದ್ದು ದೋಣಿಯ ಎಂಜಿನ್ನುಗಳ ಬೂದಿರಹಿತ ಎಣ್ಣೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸ್ಕೂಟರು, ಆಟೋಗಳಿಗಾಗಿ ತಯಾರಾದ, ಅಲ್ಪವಾದರೂ ಬೂದಿ ಬಿಡುವ ಎಣ್ಣೆ. ಟೂ-ಸ್ಟ್ರೋಕ್ ಆಟೋಗಳ ಕಾಲದಲ್ಲಿ ಪೆಟ್ರೋಲ್ ಬಂಕುಗಳಲ್ಲಿ ಕೈಪಂಪಿನಿಂದ ಹಾಕುತ್ತಿದ್ದ ಎಣ್ಣೆ ಬಹುಮಂದಿಗೆ ನೆನಪಿರಬಹುದು. ಅದು ಪೆಟ್ರೋಲಿನೊಂದಿಗೆ ಉರಿಯಲೆಂದು ರೂಪಿಸಿದ್ದೇ ಹೊರತು ಡೀಸೆಲ್ ಪಂಪಿಗಾಗಿ ಅಲ್ಲ.

ಅದೇ ಪರೀಕ್ಷೆಯಲ್ಲಿ ಶೇ. 2ರಷ್ಟು ಸೋಯಾ ಬಯೋಡೀಸೆಲ್ ಬೆರೆಸಿದಾಗ ಗುರುತು 221 ಮೈಕ್ರಾನಿಗೆ ಇಳಿದು, ಎಲ್ಲಕ್ಕಿಂತ ಉತ್ತಮ ಫಲ ನೀಡಿತು. ನಮ್ಮ ರಾಜ್ಯಕ್ಕೆ ಹೊಂಗೆಯ ಬಯೋಡೀಸೆಲ್ ಹೊಸತಲ್ಲ. ಜಿಕೆವಿಕೆಯಲ್ಲಿ ಕೇಂದ್ರವಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನೇ ಬೆಳೆಸಿದೆ. ಆದರೆ ಗಾಣದಿಂದ ತಂದ ಹೊಂಗೆ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯುವುದು ಸರ್ವಥಾ ಸಲ್ಲದು. ಮದ್ಯಸಾರದೊಂದಿಗೆ ಸಂಸ್ಕರಿಸಿ ಗ್ಲಿಸರಿನ್ ಬೇರ್ಪಡಿಸದ ಎಣ್ಣೆ ಮಂದವಾಗಿರುವುದರಿಂದ ಇಂಜೆಕ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ.

ಖರ್ಚಿನ ಲೆಕ್ಕವನ್ನೂ ನೋಡುವುದು ಒಳ್ಳೆಯದು. 40 ಲೀಟರಿನ ಟ್ಯಾಂಕಿಗೆ 200 ಮಿ.ಲೀ. ಎಣ್ಣೆ ಬೇಕು. ತಿಂಗಳಿಗೆ ಎರಡು ಬಾರಿ ಟ್ಯಾಂಕ್ ತುಂಬಿಸುವವರಿಗೆ ವರ್ಷಕ್ಕೆ ಸುಮಾರು 5 ಲೀಟರ್. ಆ ಹಣಕ್ಕೆ ಡೀಸೆಲ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಾಯಿಸಿದರೆ ಪಂಪಿಗೆ ಹೆಚ್ಚು ಉಪಕಾರವಾದೀತು. ನೀರು ಮತ್ತು ಧೂಳು ಪಂಪನ್ನು ಕೆಡಿಸುವಷ್ಟು ಇನ್ನಾವುದೂ ಕೆಡಿಸದು.

ಭಾರತ್ ಹಂತ-6ರ ವಾಹನಗಳು

2020ರ ನಂತರದ ಡೀಸೆಲ್ ವಾಹನಗಳ ಮಾಲೀಕರು ಈ ಪದ್ಧತಿಯನ್ನು ಪೂರ್ಣವಾಗಿ ಕೈಬಿಡತಕ್ಕದ್ದು. ಇವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಮಸಿ ಕಾಲಕಾಲಕ್ಕೆ ಸುಟ್ಟುಹೋಗುತ್ತದೆ. ಬೂದಿ ಸುಡುವುದಿಲ್ಲ, ಅಲ್ಲಿಯೇ ಶೇಖರವಾಗುತ್ತದೆ. ಅನೇಕ ತಯಾರಕರು ಮಾಲೀಕರ ಕೈಪಿಡಿಯಲ್ಲಿ ಇಂಧನಕ್ಕೆ ಬೇರೇನನ್ನೂ ಬೆರೆಸಬಾರದೆಂದು ಸೂಚಿಸಿರುತ್ತಾರೆ. ಆದ್ದರಿಂದ ವಾರಂಟಿಗೂ ತೊಂದರೆಯಾಗಬಹುದು.

ಹೊಗೆ ತಪಾಸಣೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರಂತೆ ಡೀಸೆಲ್ ವಾಹನದ ಹೊಗೆಯ ಸಾಂದ್ರತೆಯನ್ನು ಅಳೆಯಲಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಆಕ್ಸಿಲರೇಟರನ್ನು ಹಲವು ಬಾರಿ ಪೂರ್ತಿ ಒತ್ತಿ ಸರಾಸರಿ ತೆಗೆಯುತ್ತಾರೆ. ಭಾರತ್ ಹಂತ-4ಕ್ಕೆ ಹಿಂದಿನ ವಾಹನಗಳಿಗೆ ಮಿತಿ 65 ಹಾರ್ಟ್ರಿಡ್ಜ್ ಮಾನ. ಹಂತ-4ರ ವಾಹನಗಳಿಗೆ 50. ಯಂತ್ರವು ಹೊಗೆಯನ್ನು ಮಾತ್ರ ನೋಡುತ್ತದೆ, ಟ್ಯಾಂಕಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಪಂಪಿನ ಸವೆತ ತಡೆಯುವುದು ಬೇರೆ, ಹೊಗೆ ಇಳಿಸುವುದು ಬೇರೆ. ಗಾಳಿ ಫಿಲ್ಟರ್ ಕಟ್ಟಿಕೊಂಡಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ, ಪಂಪಿನ ಟೈಮಿಂಗ್ ತಪ್ಪಿದ್ದರೆ ಅಥವಾ ಪಿಸ್ಟನ್ ರಿಂಗು ಸವೆದಿದ್ದರೆ ಯಾವ ಎಣ್ಣೆಯೂ ಕಪ್ಪು ಹೊಗೆಯನ್ನು ಮರೆಮಾಡಲಾರದು.

ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರವು ಹಂತ-4 ಮತ್ತು ಹಂತ-6ರ ವಾಹನಗಳಿಗೆ 12 ತಿಂಗಳು, ಅದಕ್ಕೂ ಹಿಂದಿನವುಗಳಿಗೆ 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಮಿತಿ ಮೀರಿ ಹೊಗೆಯುಗುಳುವ ವಾಹನವನ್ನು ಚಲಾಯಿಸಿದರೆ 2019ರ ತಿದ್ದುಪಡಿಯ ನಂತರದ ಕಾಯ್ದೆಯ ಪ್ರಕರಣ 190(2)ರಡಿ ರೂ. 10,000ದವರೆಗೆ ದಂಡಕ್ಕೆ ಅವಕಾಶವಿದೆ.

ಡೀಸೆಲ್ಲಿನ ಗುಣಮಟ್ಟದ ಬಗ್ಗೆ ಸಂದೇಹವಿದ್ದಲ್ಲಿ

ಸೀಮೆಎಣ್ಣೆ ಬೆರೆತ ಡೀಸೆಲ್ ನಿಜಕ್ಕೂ ಒಣಕಲಾಗಿದ್ದು ಪಂಪನ್ನು ತಿನ್ನುತ್ತದೆ. ಕಲಬೆರಕೆ ಬಂಕಿನ ವಿರುದ್ಧ ಕ್ರಮ ಕೈಗೊಂಡ ಕಾರಣಕ್ಕೆ 2005ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಹತ್ಯೆಗೀಡಾದ ಇಂಡಿಯನ್ ಆಯಿಲ್ ಅಧಿಕಾರಿ ಎಸ್. ಮಂಜುನಾಥ್ ಅವರು ನಮ್ಮ ಕೋಲಾರ ಚಿನ್ನದ ಗಣಿಯವರು. ಕಲಬೆರಕೆಗೆ ಎಣ್ಣೆ ಬೆರೆಸುವುದು ಪರಿಹಾರವಲ್ಲ. ಬಂಕಿನಲ್ಲಿಯೇ ಸಾಂದ್ರತೆ ಪರೀಕ್ಷೆ ಕೇಳುವುದು ಪರಿಹಾರ. ಇದು ಗ್ರಾಹಕರ ಹಕ್ಕು. ಅಂದಿನ ದಾಖಲೆಯ ಸಾಂದ್ರತೆಗೂ ಎದುರಿನಲ್ಲಿ ಅಳೆದದ್ದಕ್ಕೂ, 15 ಡಿಗ್ರಿ ಉಷ್ಣಾಂಶಕ್ಕೆ ಪರಿವರ್ತಿಸಿದ ಮೇಲೆ, ಘನಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚು ವ್ಯತ್ಯಾಸ ಕಂಡುಬಂದರೆ ರಸೀದಿಯೊಂದಿಗೆ ತೈಲ ಕಂಪನಿಗೆ ದೂರು ಸಲ್ಲಿಸಬಹುದು.

15 ವರ್ಷ ತುಂಬುವ ಖಾಸಗಿ ವಾಹನಗಳ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ದಿನಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಅಲ್ಲದಂತೆ ಅರ್ಜಿ ಸಲ್ಲಿಸಬೇಕು. ಯಲಹಂಕ (ಕೆಎ-50) ಹಾಗೂ ಯಶವಂತಪುರ (ಕೆಎ-04) ಕಚೇರಿಗಳ ಅರ್ಜಿದಾರರು ಆ 60 ದಿನಗಳು ಆರಂಭವಾಗುವ ಮುನ್ನವೇ ಗಾಳಿ ಫಿಲ್ಟರ್, ಡೀಸೆಲ್ ಫಿಲ್ಟರ್ ಮತ್ತು ಇಂಜೆಕ್ಟರುಗಳನ್ನು ಪರೀಕ್ಷಿಸಿಕೊಂಡು, ಹೊಗೆ ತಪಾಸಣೆ ಮಾಡಿಸಿ, ನಂತರ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಲು ಕೋರಲಾಗಿದೆ.