ಬೈಕ್ ಸವಾರಿ, ಗಾಳಿಯ ಸದ್ದು ಮತ್ತು ನಮ್ಮ ಕಿವಿ

ಕಳೆದ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಹಿಂದಿನ ಸಾಲಿನಿಂದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಪ್ರಶ್ನೆ ಕೇಳಿದರು. ಅವರು ಕೇಳಿದ್ದು ಗೊಬ್ಬರದ ಸಾಲದ ಬಡ್ಡಿಯ ವಿಷಯ. ನಾವು ವೇದಿಕೆಯಿಂದ ವಿವರವಾಗಿ ಉತ್ತರಿಸಿದ್ದು ಗೋದಾಮಿನ ಬಾಡಿಗೆಯ ವಿಷಯ. ಸಭೆ ನಕ್ಕಿತು. "ಕಾರ್ಯದರ್ಶಿಗಳಿಗೆ ಬೇಡದ ಪ್ರಶ್ನೆ ಕೇಳಿಸುವುದಿಲ್ಲ" ಎಂದು ಯಾರೋ ಹೇಳಿದರಂತೆ. ಆ ಮಾತೂ ನಮಗೆ ಕೇಳಿಸಲಿಲ್ಲ. ಮನೆಗೆ ಬಂದ ಮೇಲೆ ಮಗ ಹೇಳಿದ.

ಧ್ವನಿವರ್ಧಕದ ದೋಷವೆಂದು ಕೆಲವು ದಿನ ಸಮಾಧಾನ ಮಾಡಿಕೊಂಡೆವು. ಆದರೆ ಫೋನಿನಲ್ಲಿ ಅಡಿಕೆ ಧಾರಣೆ ಹೇಳುವವರನ್ನು ಎರಡೆರಡು ಸಲ ಕೇಳಬೇಕಾಗುತ್ತಿತ್ತು. ಟಿ.ವಿ. ಸದ್ದು ಜಾಸ್ತಿಯಾಯಿತೆಂದು ಮನೆಯವರ ದೂರು ಬೇರೆ. ಕೊನೆಗೆ ಕಿವಿಯ ವೈದ್ಯರ ಬಳಿ ಹೋದೆವು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಸಣ್ಣ ಸಣ್ಣ ಸ್ವರಗಳನ್ನು ಕೇಳಿಸಿ ನಕ್ಷೆ ಬರೆದರು. ಕೀಚಲು ಸ್ವರಗಳ ಕಡೆ, 4000 ಹರ್ಟ್ಸ್ ಆಸುಪಾಸಿನಲ್ಲಿ, ಗೆರೆ ಗುಂಡಿಗೆ ಬಿದ್ದಂತೆ ಕೆಳಗಿಳಿದಿತ್ತು. ಅದು ಹೆಚ್ಚಾಗಿ ಸದ್ದಿನಿಂದ ಆಗುವ ಹಾನಿಯ ಗುರುತು. ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, "ಬೈಕ್ ಓಡಿಸುತ್ತೀರಾ? ಎಷ್ಟು ವರ್ಷದಿಂದ?"

ಮೂವತ್ತು ವರ್ಷದಿಂದ ಓಡಿಸುತ್ತಿದ್ದೇವೆ. ನಮ್ಮ ಸದಸ್ಯರಲ್ಲಿ ಬಹುಮಂದಿಯ ಲೆಕ್ಕವೂ ಇಷ್ಟೇ. ತೋಟಕ್ಕೆ, ಸೊಸೈಟಿಗೆ, ಬ್ಯಾಂಕಿಗೆ, ಮಂಡಿಗೆ ಎಲ್ಲದಕ್ಕೂ ಬೈಕೇ. ಆದ್ದರಿಂದ ಈ ವಿಷಯವನ್ನು ಪತ್ರಿಕೆಯಲ್ಲಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸದ್ದು ಇಂಜಿನ್ನಿನದಲ್ಲ

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಓಡಿಸಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಬೈಕಿನ ಸದ್ದೆಂದರೆ ಸೈಲೆನ್ಸರಿನ ಸದ್ದು ಎಂದೇ ಅವರ ನಂಬಿಕೆ, ನಮ್ಮದೂ ಅದೇ ಆಗಿತ್ತು. ನಿಧಾನವಾಗಿ ಹೋಗುವಾಗ ಅದು ನಿಜ. ವೇಗ ಗಂಟೆಗೆ 60-65 ಕಿ.ಮೀ. ದಾಟಿತೆಂದರೆ ಇಂಜಿನ್ನಿನ ಸದ್ದನ್ನು ಗಾಳಿಯ ಸದ್ದು ಮುಚ್ಚಿಬಿಡುತ್ತದೆ. ಹೆಲ್ಮೆಟ್ಟಿನ ಸುತ್ತ ನುಗ್ಗುವ ಗಾಳಿ ಸುಳಿಸುಳಿಯಾಗಿ ಒಡೆದು, ಕಿವಿಯ ಪಕ್ಕದಲ್ಲೇ ಭೋರ್ಗರೆಯುತ್ತದೆ. ಬೈಕ್ ಎಷ್ಟೇ ಹೊಸದಾಗಿರಲಿ, ಇಂಜಿನ್ ಎಷ್ಟೇ ನಯವಾಗಿರಲಿ, ಈ ಸದ್ದು ತಪ್ಪುವುದಿಲ್ಲ.

"ಹೆಲ್ಮೆಟ್ ಇದೆಯಲ್ಲ?" ಎಂದು ಕೇಳಬಹುದು. ಹೆಲ್ಮೆಟ್ ಇರುವುದು ತಲೆ ಉಳಿಸಲು. ಗಾಳಿಯ ಸದ್ದನ್ನು ಅದು ಸಾಕಷ್ಟು ತಡೆಯಲಾರದು. ಇಂಗ್ಲೆಂಡಿನ ಬಾತ್ ನಗರದ ವಿಶ್ವವಿದ್ಯಾಲಯದ ಸಂಶೋಧಕರು ಗೊಂಬೆಯ ತಲೆಗೆ ಹೆಲ್ಮೆಟ್ ತೊಡಿಸಿ, ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಗದ್ದದ ಕೆಳಗೆ, ಹೆಲ್ಮೆಟ್ಟಿನ ತಳದಂಚಿನ ಬಳಿ ಏಳುವ ಸದ್ದೇ ಕಿವಿಗೆ ತಲುಪುವ ಸದ್ದಿನ ಒಂದು ಮುಖ್ಯ ಮೂಲವೆಂದು ಅದರಿಂದ ತಿಳಿಯಿತು. ಮಾಡಿಗೆ ಹೆಂಚು ಹೊದಿಸಿ ಬಾಗಿಲು ತೆರೆದಿಟ್ಟಂತೆ, ಮೇಲಿನಿಂದ ಎಷ್ಟು ಮುಚ್ಚಿದರೂ ಕೆಳಗೆ ದಾರಿ ಇದ್ದೇ ಇದೆ.

ಇದನ್ನು ಓದಿ ಯಾರೂ ಹೆಲ್ಮೆಟ್ ತೆಗೆದಿಡಬಾರದು. 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಂ ಅದನ್ನು ಕಡ್ಡಾಯ ಮಾಡಿದೆ. ಕಾಯಿದೆಗಿಂತ ದೊಡ್ಡದು ತಲೆ.

ಸ್ವಲ್ಪ ಲೆಕ್ಕ

ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಈ ಲೆಕ್ಕ ನಮ್ಮ ರೂಪಾಯಿ ಲೆಕ್ಕದಂತಲ್ಲ. ಪ್ರತಿ 3 ಡೆಸಿಬಲ್ ಏರಿದಾಗ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಹೇಳುವ ಮಿತಿಯಂತೆ, 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. 100ಕ್ಕೆ ಬಂದರೆ ಕಾಲು ಗಂಟೆಗೇ ದಿನದ ಪಾಲು ಮುಗಿಯಿತು.

ಹೆಲ್ಮೆಟ್ ಧರಿಸಿದ ಸವಾರರ ಕಿವಿಯ ಬಳಿ 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅಳೆದಾಗ, 60 ಕಿ.ಮೀ. ವೇಗದಲ್ಲಿ ಸುಮಾರು 90 ಡೆಸಿಬಲ್, 160 ಕಿ.ಮೀ. ವೇಗದಲ್ಲಿ ಸುಮಾರು 110 ಡೆಸಿಬಲ್ ಕಂಡುಬಂತು. ನಾವು 160ರಲ್ಲಿ ಹೋಗುವವರಲ್ಲ. 80ರ ವೇಗಕ್ಕೆ 95 ಡೆಸಿಬಲ್ ಎಂದು ಇಟ್ಟುಕೊಳ್ಳೋಣ. ಆಗ ದಿನದ ಪಾಲು ಸುಮಾರು ಮುಕ್ಕಾಲು ಗಂಟೆ. ಹಾಸನದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಎರಡೂವರೆ ಗಂಟೆಯ ಸವಾರಿ. ಹೋಗುವಾಗಲೇ ಮೂರು ದಿನದ ಪಾಲು ತೀರಿತು, ಬರುವಾಗಿನದು ಬೇರೆ.

ನಮ್ಮ ಕಿವಿಗೆ ಇದೊಂದೇ ಸಾಲದಾರನಲ್ಲ. ಬೆಳಿಗ್ಗೆ ವೀಡ್ ಕಟರ್, ಮರಗಸಿಯ ಕಾಲದಲ್ಲಿ ಚೈನ್ ಸಾ, ಇವೂ 90 ಡೆಸಿಬಲ್ ಮೀರುವಂಥವೇ. ಹಗಲು ಕಳೆ ಹೊಡೆದು ಸಂಜೆ ಪೇಟೆಗೆ ಬೈಕಿನಲ್ಲಿ ಹೊರಟರೆ ಎರಡೂ ಒಂದೇ ಖಾತೆಗೆ ಜಮೆಯಾಗುತ್ತವೆ. ನಮ್ಮ ಕಿವಿ ಕೆಟ್ಟದ್ದರಲ್ಲಿ ಬೈಕಿನ ಪಾಲೆಷ್ಟು, ಮಿಷನ್ನಿನ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ವೈದ್ಯರೂ ಬೇರ್ಪಡಿಸಿ ಹೇಳಲಾರರು.

ಹೋದದ್ದು ಬಾರದು

ಕಿವಿಯ ಒಳಗೆ ಬಸವನ ಹುಳದ ಚಿಪ್ಪಿನಂಥ ಭಾಗವೊಂದಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಸದ್ದನ್ನು ಗ್ರಹಿಸುತ್ತವೆ. ಅತಿಯಾದ ಸದ್ದಿಗೆ ಅವು ಬಳಲುತ್ತವೆ, ಮತ್ತೆ ಮತ್ತೆ ಬಳಲಿದರೆ ಸಾಯುತ್ತವೆ. ರೋಬಸ್ಟಾ ಗಿಡವನ್ನು ಬುಡಕ್ಕೆ ಕಡಿದರೆ ಚಿಗುರು ಬರುತ್ತದೆ; ಈ ಕೋಶಗಳು ಮನುಷ್ಯನಲ್ಲಿ ಮರಳಿ ಚಿಗುರುವುದಿಲ್ಲ. ಔಷಧಿಯೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಶ್ರವಣಯಂತ್ರ ಊರುಗೋಲಷ್ಟೇ.

ದೂರದ ಸವಾರಿ ಮುಗಿಸಿ ಮನೆಗೆ ಬಂದ ರಾತ್ರಿ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುವುದು, ಮಾತು ಹತ್ತಿ ತುರುಕಿದಂತೆ ಮಂದವಾಗಿ ಕೇಳುವುದು ಮೊದಲ ಎಚ್ಚರಿಕೆ. ಬೆಳಿಗ್ಗೆ ಸರಿಹೋಯಿತೆಂದು ನಾವು ವರ್ಷಗಟ್ಟಲೆ ಅಲಕ್ಷ್ಯ ಮಾಡಿದೆವು. ಮುಂದೆ ಒಂದು ದಿನ ಅದು ಸರಿಹೋಗುವುದಿಲ್ಲ. ಮೊದಲು ಹೋಗುವುದು ಕೀಚಲು ಸ್ವರಗಳು. ಮಾತು ಕೇಳಿಸುತ್ತದೆ, ಆದರೆ ಅಕ್ಷರ ತಿಳಿಯುವುದಿಲ್ಲ. 'ಕಾಸು' ಎಂದರೋ 'ತಾಸು' ಎಂದರೋ ಗೊತ್ತಾಗುವುದಿಲ್ಲ. ಮೊಮ್ಮಕ್ಕಳ ತೊದಲು ಮಾತು ಇನ್ನೂ ಕಷ್ಟ.

ತೋಟದವರಿಗೆ ಇನ್ನೊಂದು ಮಾತಿದೆ. ಆನೆ ತಿರುಗಾಡುವ ಕಡೆ ಇರುವ ಸದಸ್ಯರಿಗೆ ಕಿವಿಯೇ ಕಾವಲುಗಾರ. ಬೈನೆ ಮರ ಮುರಿಯುವ ಸದ್ದು, ಆಚೆ ತೋಟದವರ ಕೂಗು ಕೇಳಿಸದಿದ್ದರೆ ಏನಾದೀತೆಂದು ಬರೆಯಬೇಕಾಗಿಲ್ಲ.

ಮಾಡಬೇಕಾದದ್ದು

ಒಂದು, ಕಿವಿಗೆ ಬಿರಡೆ. ಔಷಧಿ ಅಂಗಡಿಯಲ್ಲಿ 'ಇಯರ್ ಪ್ಲಗ್' ಎಂದು ಕೇಳಿದರೆ ಮೆತ್ತನೆಯ ಸ್ಪಂಜಿನದು ಸಿಗುತ್ತದೆ. ಬೆಲೆ ಹೋಟೆಲಿನ ಒಂದು ಲೋಟ ಕಾಫಿಯಷ್ಟೇ. ಪ್ಯಾಕೆಟ್ಟಿನ ಮೇಲೆ 30 ಡೆಸಿಬಲ್ ತಗ್ಗಿಸುತ್ತದೆಂದು ಬರೆದಿದ್ದರೆ ಅರ್ಧ ಹಿಡಿಯಿರಿ. ಹಾಗೆ ಹಿಡಿದರೂ 95 ಇದ್ದದ್ದು 80ಕ್ಕೆ ಇಳಿಯುತ್ತದೆ. ಅದು ಅಪಾಯದ ಗೆರೆಯಿಂದ ಕೆಳಗೆ. ಬರಿಯ ಹತ್ತಿ ತುರುಕಿದರೆ ಈ ಪ್ರಯೋಜನವಿಲ್ಲ. ಹಾಡು ಕೇಳುವ ಇಯರ್‌ಫೋನ್ ಬಿರಡೆಯಲ್ಲ. ಗಾಳಿಯನ್ನು ಮೀರಿಸಲು ಹಾಡನ್ನು ಜೋರು ಮಾಡಿದರೆ ಹಾನಿ ಹೆಚ್ಚು, ಗಮನವೂ ತಪ್ಪುತ್ತದೆ.

ಹಾಕುವ ಕ್ರಮ ಹೀಗೆ. ಕೈ ತೊಳೆದುಕೊಳ್ಳಿ, ಮೈಲುತುತ್ತ, ಸುಣ್ಣ ಹಿಡಿದ ಕೈಯಲ್ಲಿ ಮುಟ್ಟಬೇಡಿ. ಬಿರಡೆಯನ್ನು ಬೆರಳಲ್ಲಿ ಹೊಸೆದು ಬತ್ತಿಯಂತೆ ಸಣ್ಣಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಿ. ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ತೆಗೆಯುವಾಗ ಮೆಲ್ಲಗೆ ತಿರುಗಿಸುತ್ತಾ ತೆಗೆಯಿರಿ. ಮಳೆಗಾಲದಲ್ಲಿ ಒದ್ದೆ ಬಿರಡೆ ಹಾಕಿದರೆ ಕಿವಿಯಲ್ಲಿ ಬೂಷ್ಟು ಬೆಳೆಯುತ್ತದೆ, ಕೊಳೆಯಾದದ್ದನ್ನು ಎಸೆಯಿರಿ. ಕಿವಿ ಸೋರುವವರು, ತಮಟೆ ತೂತಾದವರು ವೈದ್ಯರನ್ನು ಕೇಳದೆ ಹಾಕಬಾರದು.

ಎರಡು, ಗಾಳಿ ಹೋಗುವ ದಾರಿ. ಐ.ಎಸ್.ಐ. ಗುರುತಿನ, ಗದ್ದವನ್ನೂ ಮುಚ್ಚುವ, ಕೆನ್ನೆಗೆ ಬಿಗಿಯಾಗಿ ಕೂರುವ ಹೆಲ್ಮೆಟ್ ಕೊಳ್ಳಿ. ಗಾಜು ಇಳಿಸಿಯೇ ಓಡಿಸಿ. ಕುತ್ತಿಗೆಗೆ ಮಫ್ಲರ್ ಸುತ್ತಿ ತುದಿಗಳನ್ನು ಅಂಗಿಯೊಳಗೆ ಸೇರಿಸಿದರೆ ತಳದ ಸಂದಿ ಸ್ವಲ್ಪ ಮುಚ್ಚುತ್ತದೆ. ಬೈಕಿನ ಮುಂದೆ ಗಾಳಿತಡೆ ಹಾಕಿಸಿದವರು ಒಂದು ಗಮನಿಸಬೇಕು. ಅದರ ಮೇಲಂಚಿನಿಂದ ಹಾರಿದ ಗಾಳಿ ನೇರ ಹೆಲ್ಮೆಟ್ಟಿಗೆ ಬಡಿದರೆ ಸದ್ದು ಮೊದಲಿಗಿಂತ ಹೆಚ್ಚಾಗುತ್ತದೆ. ಆಗ ಅದನ್ನು ಎತ್ತರಿಸಿ, ಇಲ್ಲವೇ ತಗ್ಗಿಸಿ ನೋಡಬೇಕು.

ಮೂರು, ವೇಗ. 80ರಿಂದ 65ಕ್ಕೆ ಇಳಿದರೆ ಗಾಳಿಯ ಸದ್ದಿನ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾಸನದಿಂದ ಬೆಂಗಳೂರಿಗೆ ಅರ್ಧ ಗಂಟೆ ತಡವಾಗಬಹುದು, ಅಷ್ಟೇ.

ಹಾರ್ನ್ ಕೇಳಿಸದಿದ್ದರೆ?

ಬಿರಡೆ ಹಾಕಿದರೆ ಹಿಂದಿನ ಬಸ್ಸಿನ ಹಾರ್ನ್ ಕೇಳಿಸುವುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಹೆದ್ದಾರಿಯ ವೇಗದಲ್ಲಿ ಹಾರ್ನನ್ನು ಮುಚ್ಚುವುದು ಗಾಳಿಯ ಭೋರ್ಗರೆತ. ಬಿರಡೆ ಎರಡನ್ನೂ ತಗ್ಗಿಸುವುದರಿಂದ ಹಾರ್ನ್ ಕೇಳಿಸುತ್ತಲೇ ಇರುತ್ತದೆ. ನಮ್ಮ ಅನುಭವವೂ ಹಾಗೆಯೇ. ಆದರೆ ಘಾಟಿಯ ತಿರುವು, ತೋಟದ ದಾರಿ, ಪೇಟೆ ಬೀದಿಗಳಲ್ಲಿ ವೇಗವೂ ಕಡಿಮೆ, ಗಾಳಿಯ ಸದ್ದೂ ಕಡಿಮೆ. ಅಲ್ಲಿ ಬಿರಡೆ ಬೇಡ. ಹೆದ್ದಾರಿ ಸೇರುವ ಮೊದಲು ನಿಂತು ಹಾಕಿಕೊಳ್ಳಿ, ಘಾಟಿ ಇಳಿಯುವ ಮೊದಲು ನಿಂತು ತೆಗೆಯಿರಿ. ಈಗಾಗಲೇ ಕಿವಿ ಮಂದವಾದವರು ವೈದ್ಯರ ಸಲಹೆ ಪಡೆದೇ ಬಳಸಬೇಕು. ಹಿಂದೆ ಕೂರುವ ಮನೆಯವರಿಗೂ ಒಂದು ಜೊತೆ ಕೊಡಲು ಮರೆಯಬೇಡಿ. ಅವರ ಕಿವಿಯೂ ಕಿವಿಯೇ.

ಸಂಘದ ಮಳಿಗೆಯಲ್ಲಿ ಔಷಧಿ ಸಿಂಪಡಣೆಯ ಮುಖಗವಸು, ಕೈಗವಸುಗಳ ಪಕ್ಕದಲ್ಲೇ ಈ ಬಿರಡೆಗಳನ್ನೂ ಅಸಲು ಬೆಲೆಗೆ ಇಡಲು ಆಡಳಿತ ಮಂಡಳಿ ಒಪ್ಪಿದೆ. ವೀಡ್ ಕಟರ್ ಹಿಡಿಯುವ ಕೆಲಸದವರಿಗೂ ಕೊಂಡುಕೊಡಬೇಕೆಂದು ಕೋರುತ್ತೇವೆ.

ಈ ಸಲದ ಸರ್ವಸದಸ್ಯರ ಸಭೆಯಲ್ಲಿ ಹಿಂದಿನ ಸಾಲಿನವರು ದಯವಿಟ್ಟು ಮುಂದೆ ಬಂದು ಪ್ರಶ್ನೆ ಕೇಳಿ. ಬಡ್ಡಿಯ ವಿಷಯಕ್ಕೂ ಉತ್ತರ ಸಿದ್ಧವಿದೆ.