ಹಂಡೆ ಹೋಗಿ ಗೀಸರು ಬಂತು

ಮಾರ್ಗಶಿರದ ಒಂದು ಮುಂಜಾನೆ. ಹೊಸೂರು ರಸ್ತೆಯ ಮಗ್ಗುಲಿನ ಚಂದಾಪುರದಲ್ಲಿ ಇನ್ನೂ ಮಂಜು ಕರಗಿಲ್ಲ. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಮೊದಲ ಪಾಳಿಯವರನ್ನು ಹೊತ್ತ ಬಸ್ಸುಗಳು ಮಾತ್ರ ಓಡತೊಡಗಿವೆ. ಸಾಲ ಮಾಡಿ ಹಳೆಯ ಮನೆಯೊಂದನ್ನು ಕೊಂಡ ಗೃಹಸ್ಥರೊಬ್ಬರು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸುತ್ತಾರೆ. ಗೀಸರಿನ ಕೆಂಪು ದೀಪ ಉರಿಯುತ್ತಿದೆ. ನೀರು ಮಾತ್ರ ತಣ್ಣಗೆ ಕೊರೆಯುತ್ತಿದೆ. ಬಾಡಿಗೆಯ ಮನೆಯಾಗಿದ್ದರೆ ಮಾಲೀಕರಿಗೆ ಹೇಳಿ ಕಳುಹಿಸಬಹುದಿತ್ತು. ಈಗ ಮಾಲೀಕರು ತಾವೇ! “ನೀವೇ ಒಮ್ಮೆ ಬಿಚ್ಚಿ ನೋಡಬಾರದೇ?” ಎಂದು ಹೆಂಡತಿಯ ಸಲಹೆ. “ಕರೆಂಟಿನ ಹತ್ತಿರ ಹೋಗಬೇಡಪ್ಪ” ಎಂದು ತಾಯಿಯ ಕಳವಳ. ಇಬ್ಬರ ಮಾತೂ ಅರ್ಧರ್ಧ ಸರಿ.

ತಾಯಿಯ ಕಾಲದ ಬಚ್ಚಲಲ್ಲಿ ಒಲೆಯ ಮೇಲೆ ತಾಮ್ರದ ಹಂಡೆಯಿತ್ತು. ಅದರ ರಿಪೇರಿ ಎಲ್ಲರಿಗೂ ಬರುತ್ತಿತ್ತು: ಸೌದೆ ಹಸಿಯಾದರೆ ಊದುಕೊಳವೆ, ಹಂಡೆ ಕಳೆಗುಂದಿದರೆ ಹುಣಸೆಹಣ್ಣು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ತಿಕ್ಕಿ ಬೆಳಗಿ ಹೊಸ ನೀರು ತುಂಬುವುದು ಪದ್ಧತಿ. ಹಬ್ಬದ ನೆವದಲ್ಲಿ ವರ್ಷಕ್ಕೊಮ್ಮೆ ತಪಾಸಣೆ ತಾನಾಗಿಯೇ ನಡೆದುಹೋಗುತ್ತಿತ್ತು. ಗೋಡೆಯ ಗೀಸರಿಗೆ ಅಂಥ ಹಬ್ಬವಿಲ್ಲ. ಕೆಟ್ಟ ದಿನವೇ ಅದರ ನೆನಪು.

ಈ ಕಡೆಯ ಮನೆಗಳಿಗೆ ಬಹುಮಟ್ಟಿಗೆ ಕೊಳವೆಬಾವಿಯ ಅಥವಾ ಟ್ಯಾಂಕರಿನ ನೀರು. ಅದು ಗಡಸು. ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಹೊರಬಿದ್ದು ಕಾಯಿಲಿನ ಮೇಲೆ ಪದರಪದರವಾಗಿ ಕೂರುತ್ತದೆ. ಶಾಖ ನೀರಿಗೆ ಇಳಿಯಲಾರದೆ ಕಾಯಿಲು ತನ್ನ ಬೇಗೆಯಲ್ಲಿ ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ಮುಂಚೆ ಗೀಸರು ಚಟಪಟ ಸದ್ದು ಮಾಡಿ ಎಚ್ಚರಿಸುವುದುಂಟು, ಕೇಳುವವರು ಬೇಕಷ್ಟೆ.

ಹೊಸಬರೂ ಧೈರ್ಯವಾಗಿ ಮಾಡಬಹುದಾದ ಕೆಲಸ ಗಮನಿಸುವುದು. 15 ಲೀಟರಿನ, 2,000 ವಾಟಿನ ಗೀಸರು 22 ಡಿಗ್ರಿಯ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 20 ನಿಮಿಷ ಸಾಕು. ಅಷ್ಟು ಹೊತ್ತು ದೀಪ ಉರಿದೂ ನೀರು ಕಾಯದಿದ್ದರೆ ಅನುಮಾನ ಕಾಯಿಲಿನ ಮೇಲೆ. ದೀಪವೇ ಉರಿಯದಿದ್ದರೆ ಮೊದಲು ಎಂ.ಸಿ.ಬಿ. ನೋಡಬೇಕು. ಸುಣ್ಣ ಕಟ್ಟಿದ ಶವರನ್ನು ಬಿಚ್ಚಿ ನಿಂಬೆಉಪ್ಪಿನ ನೀರಿನಲ್ಲಿ ನೆನೆಹಾಕುವುದಕ್ಕೂ ಯಾರನ್ನೂ ಕರೆಯಬೇಕಿಲ್ಲ.

ಮುಚ್ಚಳ ಬಿಚ್ಚುವುದು ಬೇರೆ ಮಾತು. ಒಳಗೆ ಹರಿಯುವುದು ಸುಮಾರು 9 ಆಂಪಿಯರ್ ವಿದ್ಯುತ್ತು. ಕಾಯಿಲಿನ ಕವಚ ಸೀಳಿದ್ದು, ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ನೀರಿನ ಮೂಲಕ ಸ್ನಾನ ಮಾಡುವವರ ಮೈಯನ್ನೇ ದಾರಿ ಮಾಡಿಕೊಳ್ಳಬಲ್ಲದು. ನಾಲ್ಕಾಣೆ ಬುದ್ಧಿಗೆ ಹನ್ನೆರಡಾಣೆ ಧೈರ್ಯ ತುಂಬುವುದು ಟೆಸ್ಟರು. ಅದು ಕರೆಂಟಿದೆ ಎಂದು ತೋರಿಸೀತು. ಅರ್ಥಿಂಗ್ ಸರಿಯಿದೆಯೇ ಎಂದು ಹೇಳಲಾರದು.

ಇದಕ್ಕಿಂತ ಅಪಾಯದ ರಿಪೇರಿ ಇನ್ನೊಂದುಂಟು, ಅದಕ್ಕೆ ಸ್ಕ್ರೂಡ್ರೈವರೂ ಬೇಡ. ನೀರು ಕಾದಾಗ ಹಿಗ್ಗುತ್ತದೆ. 15 ಲೀಟರು 60 ಡಿಗ್ರಿಗೆ ಏರಿದರೆ ಸುಮಾರು ಒಂದು ಲೋಟದಷ್ಟು ಹೆಚ್ಚುತ್ತದೆ. ಆ ಹೆಚ್ಚಿನ ನೀರು ಹೋಗುವ ದಾರಿ ಸೇಫ್ಟಿ ವಾಲ್ವು. ಕಾಯುವಾಗ ಅದು ಹನಿಕುವುದನ್ನು ಕಂಡು, ಸೋರಿಕೆಯೆಂದು ಬಗೆದು, ಎಂ-ಸೀಲ್ ಮೆತ್ತಿಬಿಡುವವರಿದ್ದಾರೆ. ಥರ್ಮೋಸ್ಟಾಟು ಕೈಕೊಟ್ಟು, ಕಟ್‌ಔಟೂ ಕೆಲಸ ಮಾಡದೆ ಹೋದರೆ, ಬಾಯಿ ಮುಚ್ಚಿದ ಆ ತೊಟ್ಟಿಯಲ್ಲಿ ನೀರು 100 ಡಿಗ್ರಿ ಮೀರಿಯೂ ಕಾಯುತ್ತಲೇ ಇರುತ್ತದೆ. ಒಂದು ಲೀಟರು ನೀರು ಆವಿಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ. ತೊಟ್ಟಿ ಬಿರಿದರೆ ಬಚ್ಚಲಿನ ಗೋಡೆಯೂ ಉಳಿಯದು.

ಗೃಹಸ್ಥರು ಎಂ.ಸಿ.ಬಿ. ಇಳಿಸಿ, ಅಡಿಗೆಮನೆಯಲ್ಲಿ ಎರಡು ಪಾತ್ರೆ ನೀರು ಕಾಯಿಸಿಕೊಂಡು ಅಂದಿನ ಸ್ನಾನ ಮುಗಿಸಿದರು. ಸಂಜೆ ಮೆಕ್ಯಾನಿಕ್ ಹೊರತೆಗೆದ ಕಾಯಿಲು ಸುಣ್ಣದ ಕೊಂಬೆಯಂತಿತ್ತು. ಅದಕ್ಕಿಂತ ಹೆಚ್ಚಾಗಿ ಅವನು ದಿಟ್ಟಿಸಿದ್ದು ವಾಲ್ವನ್ನು. ಅದರ ಬಾಯಿಗೆ, ಹಿಂದೆ ಆ ಮನೆಯಲ್ಲಿದ್ದವರು ಯಾರೋ ಮೆತ್ತಿದ್ದ ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗಿತ್ತು.

ಹೊಸ ವಾಲ್ವು ಮರುದಿನ ಬೆಳಿಗ್ಗೆ ಹನಿಕಿತು. ತಾಯಿ ಏನೂ ಹೇಳದೆ ಅದರ ಕೆಳಗೊಂದು ಚೊಂಬು ಇಟ್ಟರು.