ಮಠವನ್ನು ಪೊರೆದ ನರ್ತನ

ನರ್ತನಕ್ಕೆ ಹಣ ಬೇಕು. ರಸಿಕರಿಗೆ ಈ ಮಾತು ಒಗರೆನಿಸಬಹುದು. ಆದರೆ ಅರಸರ ಆಸ್ಥಾನದಿಂದ ಹಿಡಿದು ದೇವಸ್ಥಾನದ ಉಂಬಳಿಯವರೆಗೆ, ಕಲೆಯ ಚರಿತ್ರೆಯ ಒಂದು ಮಗ್ಗುಲು ಯಾವಾಗಲೂ ಲೆಕ್ಕದ ಪುಸ್ತಕವೇ ಆಗಿದೆ. ಅರಸರು ಹೋದ ಬಳಿಕ ಪಶ್ಚಿಮದ ದೇಶಗಳಲ್ಲಿ ಅವರ ಪೀಠಕ್ಕೆ ಧರ್ಮದತ್ತಿಗಳು ಬಂದು ಕುಳಿತವು. 1963ರ ಡಿಸೆಂಬರಿನಲ್ಲಿ ಅಮೆರಿಕದ ಫೋರ್ಡ್ ಪ್ರತಿಷ್ಠಾನವು ಬ್ಯಾಲೆ ಕಲೆಗೆಂದು ಸುಮಾರು 77 ಲಕ್ಷ ಡಾಲರುಗಳನ್ನು ಕೊಡುವುದಾಗಿ ಸಾರಿತು. ಅದರ ಹೆಚ್ಚಿನ ಪಾಲು ಜಾರ್ಜ್ ಬ್ಯಾಲನ್‌ಚಿನ್‌ರ ನ್ಯೂಯಾರ್ಕ್ ಸಿಟಿ ಬ್ಯಾಲೆಗೂ ಅದರೊಡನೆ ಕೂಡಿದ ಶಾಲೆಗೂ ಸಂದಾಗ, ಆಧುನಿಕ ನೃತ್ಯದವರು ತಮಗೇಕೆ ಇಲ್ಲವೆಂದು ಕೂಗೆಬ್ಬಿಸಿದರು. ಕೊಡುವ ಕೈ ಎಲ್ಲಿದೆಯೋ ಅಲ್ಲಿ ಇಂಥ ಕೂಗು ಇದ್ದೇ ಇರುತ್ತದೆ.

ದತ್ತಿಯು ನರ್ತನವನ್ನು ಸಾಕುವುದು ಅಲ್ಲಿಯ ಕ್ರಮ. ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಅಲ್ಲಿಯ ನರ್ತಕರು ದೇಶದೇಶಗಳನ್ನು ತಿರುಗಿ ದತ್ತಿಯನ್ನು ಕೂಡಿಸಿ ತಮ್ಮ ಮಠವನ್ನು ಸಾಕಿದರು. ಇದು ನಮ್ಮ ಮನೆಯ ಮುಂದಿನ ಸಂಗತಿಯಾದರೂ ನಮಗಿಂತ ಅಮೆರಿಕದವರಿಗೆ ಹೆಚ್ಚು ಪರಿಚಿತವೆಂಬುದು ವಿಚಿತ್ರವೇ ಸರಿ.

ಟಿಬೇಟಿನ ಲಾಸಾ ನಗರದ ಬಳಿ 1416ರಲ್ಲಿ ಸ್ಥಾಪಿತವಾದ ದ್ರೇಪುಂಗ್ ಮಠದಲ್ಲಿ ಒಂದು ಕಾಲಕ್ಕೆ ಹತ್ತು ಸಾವಿರದಷ್ಟು ಸಂನ್ಯಾಸಿಗಳಿದ್ದರೆಂದು ಹೇಳುತ್ತಾರೆ. 1959ರ ವಿಪ್ಲವದಲ್ಲಿ ಅದು ಚದರಿಹೋಯಿತು. ಅದರ ಲೊಸೆಲಿಂಗ್ ವಿಭಾಗದಿಂದ ಹಿಮಾಲಯವನ್ನು ದಾಟಿ ಭಾರತವನ್ನು ಸೇರಿದವರು ಸುಮಾರು 250 ಮಂದಿ ಮಾತ್ರ. ಟಿಬೇಟಿನಿಂದ ಬಂದ ಅನೇಕ ಸಂನ್ಯಾಸಿಗಳು ಬಂಗಾಳದ ಬುಕ್ಸಾದಲ್ಲಿ, ಬ್ರಿಟಿಷರು ಹಿಂದೆ ಬಂದಿಖಾನೆಯಾಗಿ ಬಳಸಿದ್ದ ಕೋಟೆಯಲ್ಲಿ, ಸುಮಾರು ಹತ್ತು ವರ್ಷ ಕಳೆದರು. ಅಷ್ಟರಲ್ಲಿ 1966ರಲ್ಲಿ ಅಂದಿನ ಮೈಸೂರು ರಾಜ್ಯವು ಕೊಟ್ಟ ನೆಲದಲ್ಲಿ ಮುಂಡಗೋಡದ ಟಿಬೇಟಿಯನ್ ಕಾಲೊನಿ ಆರಂಭವಾಗಿತ್ತು. 1969–70ರ ಸುಮಾರಿಗೆ ದ್ರೇಪುಂಗ್ ಮತ್ತು ಗಾಂದೆನ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿದವು. ಶಾಸ್ತ್ರಗ್ರಂಥ ಹಿಡಿದಿದ್ದ ಕೈಗಳು ಕಾಡು ಕಡಿದು ಗೋವಿನಜೋಳ ಬಿತ್ತಿದುವು. ಹಗಲು ಹೊಲ, ರಾತ್ರಿ ತರ್ಕಪಾಠ.

ಇಲ್ಲಿ ಒಂದು ಮಾತನ್ನು ಮರೆಯಲಾಗದು. ಈ ಮಠಗಳ ಮುಖ್ಯ ವೃತ್ತಿ ನರ್ತನವಲ್ಲ. ತರ್ಕ ಮತ್ತು ದರ್ಶನಗಳ ಅಧ್ಯಯನ. ಗೆಶೆ ಎಂಬ ಪದವಿಗೆ ಇಪ್ಪತ್ತು ವರ್ಷಗಳಷ್ಟು ಓದು ಬೇಕು. ಅಷ್ಟು ಕಾಲ ಅನ್ನ, ವಸತಿ, ಔಷಧಗಳನ್ನು ಒದಗಿಸುವವರಾರು? ಟಿಬೇಟಿನಲ್ಲಿ ಮಠಕ್ಕೆ ಭೂಮಿಯಿತ್ತು, ಭಕ್ತರಿದ್ದರು. ಇಲ್ಲಿ ಗೋವಿನಜೋಳದ ಹೊಲವು ಆ ಭಾರವನ್ನು ಹೊರಲಾರದೆ ಹೋಯಿತು. ಗಡಿಯನ್ನು ದಾಟಿ ಬರುವ ಹೊಸ ಬಾಲಕರ ಸಂಖ್ಯೆಯೂ ಬೆಳೆಯುತ್ತಿತ್ತು.

ಆಗ ಲೊಸೆಲಿಂಗಿನವರು 1988ರಲ್ಲಿ ತಮ್ಮ ಮೊದಲನೆಯ ದೊಡ್ಡ ವಿದೇಶಪ್ರವಾಸವನ್ನು ಕೈಕೊಂಡರು. ಎಂಟೋ ಹತ್ತೋ ಮಂದಿಯ ತಂಡ. ಆಳೆತ್ತರವನ್ನು ಮೀರಿದ ಉದ್ದ ಕಹಳೆಗಳು, ತಾಳ, ಡೋಲು, ಜರಿಯ ಉಡುಪು, ಮುಖವಾಡ. ಕಪ್ಪು ಟೋಪಿಯ ನರ್ತನ, ಅಸ್ಥಿಪಂಜರದ ವೇಷ ತೊಟ್ಟ ಸ್ಮಶಾನಾಧಿಪತಿಗಳ ನರ್ತನ, ಇಬ್ಬರು ಒಂದೇ ಚರ್ಮದೊಳಗೆ ಹೊಕ್ಕು ಕುಣಿಯುವ ಹಿಮಸಿಂಹದ ನರ್ತನ. ನಡುನಡುವೆ ಒಂದೇ ಕಂಠದಿಂದ ಏಕಕಾಲಕ್ಕೆ ಹಲವು ಸ್ವರಗಳನ್ನು ಹೊರಡಿಸುವ ಮಂತ್ರಘೋಷ. ಮುಂದಿನ ಪ್ರವಾಸಗಳ ಪ್ರಯೋಜಕರಲ್ಲಿ ಚಲಚ್ಚಿತ್ರನಟ ರಿಚರ್ಡ್ ಗಿಯರ್‌ರೂ ಒಬ್ಬರಾದರು. 1991ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಇದೇ ಹೆಸರಿನ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ನೆಲೆಗೊಂಡಿತು. 1998ರಲ್ಲಿ ಅದಕ್ಕೂ ಎಮೊರಿ ವಿಶ್ವವಿದ್ಯಾಲಯಕ್ಕೂ ಸಂಬಂಧ ಕೂಡಿತು. ದ್ರೇಪುಂಗಿನ ಗೋಮಾಂಗ್ ವಿಭಾಗದವರೂ ಗಾಂದೆನ್ ಮಠದವರೂ ಇದೇ ಹಾದಿಯನ್ನು ಹಿಡಿದರು.

ಕಾರ್ಯದ ರೀತಿ ಸರಳವಾದುದು. ಆ ಊರಿನ ಕಾಲೇಜೋ ವಸ್ತುಸಂಗ್ರಹಾಲಯವೋ ಇಗರ್ಜಿಯೋ ಆತಿಥ್ಯ ವಹಿಸಿ ಗೌರವಧನ ಸಲ್ಲಿಸುತ್ತದೆ. ಕೆಲವು ದಿನ ಬಣ್ಣದ ಮರಳಿನಿಂದ ಮಂಡಲವನ್ನು ರಚಿಸುತ್ತಾರೆ, ಒಂದು ಸಂಜೆ ನರ್ತನ. ಕೈಕಸಬಿನ ಸಾಮಾನುಗಳ ಮಾರಾಟವೂ ಉಂಟು. ನೋಡಿ ಮೆಚ್ಚಿದವರಲ್ಲಿ ಕೆಲವರು ಒಬ್ಬೊಬ್ಬ ವಿದ್ಯಾರ್ಥಿ ಸಂನ್ಯಾಸಿಯ ಖರ್ಚನ್ನು ವಹಿಸಿಕೊಳ್ಳುತ್ತಾರೆ. ಕಡೆಯ ದಿನ ಆ ಮಂಡಲವನ್ನು ಗುಡಿಸಿ ಮರಳನ್ನು ಹರಿಯುವ ನೀರಿಗೆ ಬಿಡುವರು; ಕೂಡಿದ ಹಣ ಮುಂಡಗೋಡಕ್ಕೆ ಬರುತ್ತದೆ. ಇಂದು ಅಲ್ಲಿ ಸಾವಿರಗಟ್ಟಲೆ ವಿದ್ಯಾರ್ಥಿಗಳು ಉಣ್ಣುವ ಅನ್ನದಲ್ಲಿ ಆ ಹಿಮಸಿಂಹನ ಪಾಲೂ ಇದೆ.

ಇದರಲ್ಲಿ ನಷ್ಟವಿಲ್ಲವೆ? ಇದೆ. ಛಾಮ್ ಎಂದು ಕರೆಯಲ್ಪಡುವ ಈ ನರ್ತನವು ಮೂಲತಃ ಪೂಜಾಂಗ. ಟಿಬೇಟಿಯನ್ನರ ವರ್ಷಾಂತ್ಯಕ್ಕೆ ಮಠದ ಅಂಗಳದಲ್ಲಿ, ಕಳೆದ ವರ್ಷದ ಅನಿಷ್ಟಗಳನ್ನು ಹೊರದೂಡುವುದಕ್ಕಾಗಿ, ತಾಸುಗಟ್ಟಲೆ ಕುಣಿಯತಕ್ಕುದು. ಪ್ರೇಕ್ಷಕನಿದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಅದನ್ನು ದೀಪಗಳ ರಂಗಸ್ಥಳಕ್ಕೆ ತಂದು ಕೆಲವೇ ನಿಮಿಷಗಳ ತುಣುಕಾಗಿಸಿದಾಗ ಆಕಾರ ಉಳಿದೀತು, ಆದರೆ ಕಾಲದ ಆ ವಿಸ್ತಾರ ಉಳಿಯದು. ತಂಡದೊಡನೆ ಹೋದ ವಿದ್ಯಾರ್ಥಿಯ ಓದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಮೇಲೂ, ನಿಂತುಹೋಗುತ್ತದೆ. ಆದರೂ ನಾನು ಇದನ್ನು ದೂಷಿಸಲಾರೆ. ಅಂಗಳದ ಛಾಮ್ ಅಂಗಳದಲ್ಲಿ ಉಳಿದೇ ಇದೆ. ಪ್ರವಾಸದ ತುಣುಕು ಅದರ ಬದಲಿಗೆ ಬಂದುದಲ್ಲ.

ನಮ್ಮ ಯಕ್ಷಗಾನವು ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಬಿಡಿಸಿಕೊಂಡಿತು. ಮಂದಾರ್ತಿ, ಧರ್ಮಸ್ಥಳಗಳ ಮೇಳಗಳನ್ನು ಸಾಕುವವನು ಹರಕೆ ಹೊತ್ತ ಗೃಹಸ್ಥ; ಆಟಕ್ಕಾಗಿ ಆತ ವರ್ಷಗಟ್ಟಲೆ ಸರದಿ ಕಾಯುತ್ತಾನೆ. ನಮ್ಮ ಜಿಲ್ಲೆಯದೇ ಆದ ಕೆರೆಮನೆಯ ಇಡಗುಂಜಿ ಮೇಳ 1934ರಲ್ಲಿ ಹುಟ್ಟಿ ಒಂದೇ ಮನೆತನದ ಹಟದಿಂದ ಬಾಳಿತು. ಫೋರ್ಡ್ ಪ್ರತಿಷ್ಠಾನದ ನೆರವು 1980ರ ದಶಕದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಜಾನಪದ ರಂಗಕಲೆಗಳ ಕೇಂದ್ರಕ್ಕೂ ಬಂದಿತು. ದೇವಸ್ಥಾನ, ಮನೆತನ, ಕಾಲೇಜು: ಹಣ ಬಂದು ನಿಲ್ಲುವುದಕ್ಕೆ ಎಲ್ಲೆಡೆ ಒಂದು ಜಗಲಿ ಇತ್ತೆಂಬುದನ್ನು ಓದುಗರು ಗಮನಿಸಬೇಕು.

ಆ ಜಗಲಿಯಿಲ್ಲದ ನರ್ತನವೊಂದು ಇದೇ ಸೀಮೆಯಲ್ಲಿದೆ. ಹಳಿಯಾಳ, ಜೋಯಿಡಾ, ಯಲ್ಲಾಪುರ, ಮುಂಡಗೋಡಗಳ ಕಾಡಿನಂಚಿನ ಸಿದ್ದಿಯರ ದಮಾಮಿಯನ್ನು ಕುರಿತು ಹೇಳುತ್ತಿದ್ದೇನೆ. ಇವರೂ ಬಂದವರೇ; ಟಿಬೇಟಿಯನ್ನರಿಗಿಂತ ಶತಮಾನಗಳಷ್ಟು ಹಿಂದೆ, ಆಫ್ರಿಕದಿಂದ, ಗುಲಾಮರಾಗಿ ಬಂದವರು. ಪೋರ್ತುಗೀಜರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಅವರಿಗೆ ನೆಲವನ್ನು ಕೊಟ್ಟು ಕರೆದವರಿಲ್ಲ. ಪರಿಶಿಷ್ಟ ಪಂಗಡದ ಮನ್ನಣೆ ದೊರೆತುದು 2003ರಲ್ಲಿ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂದು ಮೂರು ಮತಗಳಲ್ಲಿ ಹಂಚಿಹೋದ ಈ ಜನಕ್ಕೆ ಎಲ್ಲರನ್ನೂ ಕೂಡಿಸುವ ಮಠವಾಗಲಿ ಮೇಳವಾಗಲಿ ಇಲ್ಲ. ದಮಾಮಿಯ ಚರ್ಮವನ್ನು ಕಾಯಿಸಿ ಬಾರಿಸುವ ವಿದ್ಯೆ ತಂದೆಯಿಂದ ಮಗನಿಗೆ ಬರಬೇಕು; ಮಗ ಕೂಲಿಯನ್ನರಸಿ ಗೋವೆಗೆ ಹೋದರೆ ಅಲ್ಲಿಗೆ ಮುಗಿಯಿತು.

ದಾಂಡೇಲಿಯಲ್ಲಿ, ಜೋಯಿಡಾದ ಕಾಳೀ ನದಿಯ ದಂಡೆಯಲ್ಲಿ, ಈಗ ರೆಸಾರ್ಟುಗಳು ತುಂಬಿವೆ. ಪ್ರವಾಸಿಗರ ವಿನೋದಕ್ಕೆಂದು ಸಂಜೆ ಬೆಂಕಿಯ ಸುತ್ತ ಸಿದ್ದಿಯರನ್ನು ಕರೆಸಿ ಕುಣಿಸುವುದುಂಟು. ಮುಂಡಗೋಡದ ಸಂನ್ಯಾಸಿಯ ಒಂದು ಸಂಜೆಯ ಗಳಿಕೆ ಆತನ ತಮ್ಮನಂಥ ಹುಡುಗನೊಬ್ಬನ ಪಾಠಕ್ಕೆ ಸೇರುತ್ತದೆ. ಬೆಂಕಿಯ ಸುತ್ತ ಕುಣಿದವರಿಗೆ ಸಿಗುವುದು ಆ ದಿನದ ಕೂಲಿ.